ಡಾರ್ವಿನ್ ಮಾತು ಗೋಡೆಗಲ್ಲ, ನೋಟ್‌ಬುಕ್ಕಿಗೆ: ಬದುಕಿನಲ್ಲಿ ಮಾಡಿ ನೋಡಲು ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ತಿಂಗಳಿಗೊಮ್ಮೆಯಾದರೂ ಒಂದು ಚಿತ್ರ ಬರುತ್ತದೆ. ಉದ್ದ ಬಿಳಿಗಡ್ಡದ ಮುದುಕ, ಹಿಂದೆ ಕೆಂಪು ಸೂರ್ಯೋದಯ, ಕೆಳಗೆ ದಪ್ಪ ಅಕ್ಷರದಲ್ಲಿ: "ಉಳಿಯುವವನು ಬಲಶಾಲಿಯಲ್ಲ, ಬುದ್ಧಿವಂತನೂ ಅಲ್ಲ, ಬದಲಾವಣೆಗೆ ಒಗ್ಗಿಕೊಳ್ಳುವವನು. ಚಾರ್ಲ್ಸ್ ಡಾರ್ವಿನ್." ಅದಕ್ಕೆ ಹತ್ತು ನಮಸ್ಕಾರ, ನಾಲ್ಕು ಹೂವು.

ಡಾರ್ವಿನ್ ಇದನ್ನು ಎಲ್ಲೂ ಬರೆದಿಲ್ಲ. 1963ರಲ್ಲಿ ಅಮೆರಿಕದ ಲಿಯಾನ್ ಮೆಗ್ಗಿನ್ಸನ್ ಎಂಬ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕರು ಡಾರ್ವಿನ್ನನ 'ಜೀವಿಗಳ ಉಗಮ' ಪುಸ್ತಕದ ಸಾರ ಎಂದು ತಮ್ಮದೇ ಮಾತಿನಲ್ಲಿ ಹೇಳಿದ್ದು ಇದು. ಬಾಯಿಂದ ಬಾಯಿಗೆ ಹೋಗುತ್ತಾ ಪ್ರಾಧ್ಯಾಪಕರ ಹೆಸರು ಉದುರಿತು, ಗಡ್ಡ ಉಳಿಯಿತು. 'ಸರ್ವೈವಲ್ ಆಫ್ ದಿ ಫಿಟೆಸ್ಟ್', ಅಂದರೆ ತಕ್ಕವರ ಉಳಿವು, ಎಂಬ ಮಾತು ಕೂಡ ಮೂಲದಲ್ಲಿ ಆತನದ್ದಲ್ಲ. ಅದು 1864ರಲ್ಲಿ ಇಂಗ್ಲೆಂಡಿನ ಚಿಂತಕ ಹರ್ಬರ್ಟ್ ಸ್ಪೆನ್ಸರ್ ಕಟ್ಟಿದ ನುಡಿ. ಡಾರ್ವಿನ್ ಅದನ್ನು 'ಜೀವಿಗಳ ಉಗಮ'ದೊಳಗೆ ತೆಗೆದುಕೊಂಡದ್ದು 1869ರ ಐದನೇ ಮುದ್ರಣದಲ್ಲಿ.

ಆತ ನಿಜವಾಗಿ ಹೇಳಿದ ಮಾತುಗಳು ಇಷ್ಟು ಚಂದ ಇಲ್ಲ. ಸೂರ್ಯೋದಯದ ಚಿತ್ರಕ್ಕೆ ಹೊಂದುವುದೂ ಇಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಕೈಯಲ್ಲಿ ಮಾಡುವಂಥವು, ಕಾಗದ ಪೆನ್ನು ಬೇಡುವಂಥವು. ಮೂರು ವರ್ಷದಿಂದ ಅವನ್ನು ಮಾಡಿ ನೋಡುತ್ತಿದ್ದೇನೆ. ಕೆಲವು ಕೆಲಸಕ್ಕೆ ಬಂದವು, ಒಂದೆರಡು ಕೈಕೊಟ್ಟವು. ನಿಮಗೆ ಬೇಕಾಗುವುದು ನೂರು ಪುಟದ ಒಂದು ನೋಟ್‌ಬುಕ್. ಮೊಬೈಲ್ ಬೇಡ ಅಂತಲ್ಲ. ಮೊಬೈಲಿನಲ್ಲಿ ಬರೆದದ್ದನ್ನು ಅಳಿಸುವುದು ತೀರಾ ಸುಲಭ, ಮುಂದೆ ಓದಿದರೆ ಅದೇ ದೊಡ್ಡ ತೊಂದರೆ ಅಂತ ಗೊತ್ತಾಗುತ್ತದೆ.

ಶುರು ಮಾಡುವ ಮುಂಚೆ

ಯಾವುದೇ ವಿಜ್ಞಾನಿಯ ಮಾತನ್ನು ಬದುಕಿಗೆ ತರುವ ಮೊದಲು ಅದು ಅವರದ್ದೇ ಹೌದೋ ಅಂತ ನೋಡಿ. ಯಾವ ಪುಸ್ತಕ, ಯಾರಿಗೆ ಬರೆದ ಕಾಗದ, ಯಾವ ವರ್ಷ: ಮೂರರಲ್ಲಿ ಒಂದೂ ಇಲ್ಲದಿದ್ದರೆ ಬದಿಗಿಡಿ. ಡಾರ್ವಿನ್ ವಿಷಯದಲ್ಲಿ ನಮ್ಮ ಪುಣ್ಯ ದೊಡ್ಡದು. ಆತ ಬರೆದ, ಆತನಿಗೆ ಬಂದ 15,000ಕ್ಕೂ ಹೆಚ್ಚು ಕಾಗದಗಳನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದವರು ಹುಡುಕಿ, ಓದಿ, ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. 1876ರಲ್ಲಿ ಮನೆಮಂದಿಗೆಂದು ಬರೆದಿಟ್ಟ ಆತ್ಮಕಥನವೂ ಸಿಗುತ್ತದೆ. ನಾನು ಕೆಳಗೆ ಹೇಳುವ ಮಾತುಗಳು ಹೆಚ್ಚಾಗಿ ಅಲ್ಲಿಯವು, ಕನ್ನಡ ಮಾತ್ರ ನನ್ನದು.

ನಿಜವಾದ ಮಾತೂ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. "ಒಂದು ಗಂಟೆ ಹಾಳುಮಾಡಲು ಅಂಜದವನಿಗೆ ಬದುಕಿನ ಬೆಲೆ ತಿಳಿದಿಲ್ಲ" ಎನ್ನುವುದು ಡಾರ್ವಿನ್ನನದೇ ಮಾತು, 1836ರಲ್ಲಿ ಹಡಗಿನಿಂದ ಅಕ್ಕನಿಗೆ ಬರೆದದ್ದು. ಆಗ ಆತನಿಗೆ 27. ಅದೇ ಮನುಷ್ಯ ಮುಂದೆ ಕಾಯಿಲೆಯ ನಡುವೆ ಬೆಳಿಗ್ಗೆ ಒಂದೂವರೆ ಗಂಟೆ, ಆಮೇಲೆ ಇನ್ನೊಂದೂವರೆ ಗಂಟೆ ಕೂತು, ಮಧ್ಯಾಹ್ನದ ಹೊತ್ತಿಗೇ ಇವತ್ತಿನ ಕೆಲಸ ಚೆನ್ನಾಗಿ ಆಯಿತು ಅಂದು ಏಳುತ್ತಿದ್ದ. ಆಮೇಲೆ ಸೋಫಾದ ಮೇಲೆ ಕಾಲು ಚಾಚಿ ಮಲಗುವುದು, ಹೆಂಡತಿ ಕಾದಂಬರಿ ಓದಿ ಹೇಳುವುದು. ದುಃಖದಲ್ಲಿ ಮುಗಿಯುವ ಕಾದಂಬರಿಗಳ ವಿರುದ್ಧ ಕಾನೂನೇ ತರಬೇಕು ಅಂತ ಆತ್ಮಕಥನದಲ್ಲಿ ಬರೆದಿದ್ದಾನೆ. ಗಂಟೆಯ ಮಾತನ್ನು ಮಕ್ಕಳ ಓದುವ ಮೇಜಿನ ಮುಂದೆ ಅಂಟಿಸಿರುವ ತಂದೆ ತಾಯಿಯರು ಸೋಫಾವನ್ನೂ ಪಕ್ಕದಲ್ಲಿ ಅಂಟಿಸಿದರೆ ಲೆಕ್ಕ ಸರಿಹೋಗುತ್ತದೆ.

ಹೆಜ್ಜೆ 1: ನಿಮ್ಮ ನಂಬಿಕೆಗೆ ಅಡ್ಡ ಬಂದದ್ದನ್ನು ಆಗಲೇ ಬರೆಯಿರಿ

ಉಳಿದದ್ದೆಲ್ಲ ಬಿಟ್ಟು ಇದೊಂದನ್ನೇ ಮಾಡಿದರೂ ಸಾಕು. ಆತ್ಮಕಥನದಲ್ಲಿ ಡಾರ್ವಿನ್ ಇದನ್ನು ತನ್ನ 'ಬಂಗಾರದ ನಿಯಮ' ಎಂದು ಕರೆದಿದ್ದಾನೆ. ತನ್ನ ತೀರ್ಮಾನಕ್ಕೆ ವಿರುದ್ಧವಾದ ಯಾವುದೇ ಸಂಗತಿ, ಯಾವುದೇ ಯೋಚನೆ ಎದುರಾದರೆ ತಪ್ಪದೆ, ತಕ್ಷಣ ಗುರುತು ಹಾಕಿಕೊಳ್ಳುವುದು. ಯಾಕೆಂದರೆ ಅಂಥವು ಅನುಕೂಲದ ಸಂಗತಿಗಳಿಗಿಂತ ಬೇಗ ಮರೆತುಹೋಗುತ್ತವೆ, ಇದು ಅನುಭವದಿಂದ ಕಂಡದ್ದು ಎನ್ನುತ್ತಾನೆ.

ಇದು ವಿನಯದ ಮಾತಲ್ಲ, ನೆನಪಿನ ಸ್ವಭಾವದ ಬಗ್ಗೆ ಹೇಳಿದ್ದು. ಎಷ್ಟು ಸರಿ ಅಂತ ನನಗೆ ಗೊತ್ತಾದದ್ದು ಊರಿನಲ್ಲಿ, ಬೋರ್‌ವೆಲ್ ವಿಷಯದಲ್ಲಿ.

ನಮ್ಮ ಕಡೆ ಬೋರ್ ಕೊರೆಸುವ ಮುಂಚೆ ಪಾಯಿಂಟ್ ನೋಡುವವರನ್ನು ಕರೆಸುತ್ತಾರೆ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾರೆ, ನೀರಿರುವ ಜಾಗದಲ್ಲಿ ಕಾಯಿ ಎದ್ದು ನಿಲ್ಲುತ್ತದೆ ಎಂಬುದು ನಂಬಿಕೆ. ನಮ್ಮ ದೊಡ್ಡಪ್ಪನಿಗೆ ಒಬ್ಬರ ಮೇಲೆ ಅಪಾರ ಭರವಸೆ. "ಅವ್ನು ಕಾಲಿಟ್ಟ ಕಡೆ ನೀರು ಬರ್ದೇ ಇದ್ದಿದ್ದೇ ಇಲ್ಲ ಕಣೋ" ಅಂದರು.

"ಒಂದ್ಸಲ ಎಲ್ಲಾ ಬರ್ಕೊಳ್ಳೋಣ ದೊಡ್ಡಪ್ಪ" ಅಂದೆ.

ಜಗಲಿ ಮೇಲೆ ಕೂತು ಬರೆದೆವು. ತೋಟದ್ದು, ಎರಡಿಂಚು ನೀರು. ಕೆರೆ ಹಿಂದಿನದು, ಇವತ್ತಿಗೂ ಹರಿಯುತ್ತಿದೆ. ಅಣ್ಣನ ಜಮೀನಿನದು, ಚೆನ್ನಾಗಿದೆ. ಹೀಗೆ ನಾಲ್ಕಾಯಿತು. ಅಷ್ಟೇ ಅಂದರು. ಆಗ ಒಳಗಿನಿಂದ ದೊಡ್ಡಮ್ಮನ ದನಿ: "ಹುಣಸೆಮರದ ಪಕ್ಕದ್ದು? ನನ್ನ ಬಳೆ ಅಡ ಇಟ್ಟು ಕೊರೆಸಿದ್ದು?" ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೌದಲ್ಲ, ಅದು ಧೂಳು ಬಂತು ಅಂದರು. ಆಮೇಲೆ ಒಂದೊಂದೇ ನೆನಪಾದವು. ಒಟ್ಟು ಒಂಬತ್ತರಲ್ಲಿ ಐದು ಫೇಲ್. ದೊಡ್ಡಪ್ಪ ಸುಳ್ಳು ಹೇಳಿರಲಿಲ್ಲ. ಅವರಿಗೆ ನಿಜವಾಗಿಯೂ ನಾಲ್ಕೇ ನೆನಪಿದ್ದವು. ಬಳೆ ಕಳೆದುಕೊಂಡವರಿಗೆ ಮಾತ್ರ ಐದನೆಯದು ನೆನಪಿತ್ತು.

ಇನ್ನು ಮಾಡುವ ಬಗೆ. ನೋಟ್‌ಬುಕ್ಕಿನ ಎಡಪುಟದಲ್ಲಿ ನಿಮ್ಮ ಒಂದು ನಂಬಿಕೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಅದು ತಪ್ಪಾಗಲು ಸಾಧ್ಯವಿರುವ ಹಾಗೆ ಬರೆಯುವುದೇ ಗುಟ್ಟು. 'ದೇವರು ಒಳ್ಳೆಯವನು' ಎಂಬುದು ಈ ಪುಸ್ತಕಕ್ಕೆ ಬೇಡ. 'ನಾನು ಮಗಳ ಮೇಲೆ ರೇಗುವುದು ಅಪರೂಪ' ಎಂಬುದು ಸರಿ. 'ಸಂಜೆ ಕಾಫಿ ಕುಡಿದರೂ ನನಗೆ ನಿದ್ದೆ ಬರುತ್ತದೆ', 'ತಮ್ಮ ಹಣ ಕೇಳಲು ಮಾತ್ರ ಫೋನ್ ಮಾಡುತ್ತಾನೆ', 'ಈ ವ್ಯಾಪಾರದಲ್ಲಿ ಲಾಭ ಇದೆ', ಇವೆಲ್ಲ ಆಗುತ್ತವೆ. ಬಲಪುಟ ಪೂರ್ತಿ ಅಡ್ಡ ಬಂದ ಸಂಗತಿಗಳಿಗೆ. ತಾರೀಖು, ನಡೆದದ್ದು, ಇಷ್ಟೇ. ನಂಬಿಕೆಗೆ ಪೂರಕವಾದದ್ದನ್ನು ಬರೆಯುವ ಅಗತ್ಯವಿಲ್ಲ, ಅವು ತಾವಾಗಿಯೇ ನೆನಪಿರುತ್ತವೆ.

ನಡೆದ ಅರ್ಧ ಗಂಟೆಯೊಳಗೆ ಬರೆಯಬೇಕು. ರಾತ್ರಿ ಬರೆದರಾಯಿತು ಅಂದುಕೊಂಡರೆ ಮುಗಿಯಿತು, ಅಷ್ಟರಲ್ಲಿ ಮನಸ್ಸು ವಕೀಲನನ್ನು ಹಿಡಿದಿರುತ್ತದೆ. ಇನ್ನೊಂದು, ಬಲಪುಟದಲ್ಲಿ 'ಆದರೆ' ಎಂಬ ಪದ ನಿಷಿದ್ಧ. 'ಮಗಳ ಮೇಲೆ ರೇಗಿದೆ, ಆದರೆ ಅವಳೇ...' ಅಂತ ಬರೆದರೆ ಅದು ಗುರುತಲ್ಲ, ಸಮಜಾಯಿಷಿ. ಆರು ವಾರ ಬರೆಯುತ್ತಾ ಹೋಗಿ, ಹಿಂದೆ ಬರೆದದ್ದನ್ನು ಓದಬೇಡಿ, ತೀರ್ಮಾನವನ್ನೂ ಮಾಡಬೇಡಿ. ಆಮೇಲೆ ಒಂದೇ ಸಲ ಓದಿ. ನನ್ನ 'ಅಪರೂಪ'ದ ಎದುರು ಆರು ವಾರದಲ್ಲಿ 17 ಸಾಲು ಇದ್ದವು. ಅದರಲ್ಲಿ 12 ಬೆಳಿಗ್ಗೆ ಏಳೂವರೆಯಿಂದ ಎಂಟರ ನಡುವೆ, ಶಾಲೆಯ ವ್ಯಾನ್ ಬರುವ ಹೊತ್ತಿನಲ್ಲಿ. ನಾನು ಸಿಡುಕನೋ ಸಾಧುವೋ ಎಂಬ ದೊಡ್ಡ ಪ್ರಶ್ನೆ ಅಲ್ಲಿಗೆ ಕರಗಿ, ಹಿಂದಿನ ರಾತ್ರಿಯೇ ಬ್ಯಾಗ್ ಜೋಡಿಸಿಡುವುದು ಎಂಬ ಸಣ್ಣ ಕೆಲಸ ಉಳಿಯಿತು.

ಡಾರ್ವಿನ್ನನಿಗೆ ಈ ಅಭ್ಯಾಸದ ಫಲ ಸಿಕ್ಕಿದ್ದು 1859ರಲ್ಲಿ. ಜೀವಿಗಳ ಉಗಮದ ಪುಸ್ತಕದಲ್ಲಿ ಒಂದಿಡೀ ಅಧ್ಯಾಯವನ್ನೇ ತನ್ನ ಸಿದ್ಧಾಂತದ ತೊಡಕುಗಳಿಗೆ ಬಿಟ್ಟುಕೊಟ್ಟ. ಕಣ್ಣಿನಂಥ ಅಂಗ ನಿಸರ್ಗದ ಆಯ್ಕೆಯಿಂದ, ಸ್ವಲ್ಪಸ್ವಲ್ಪವೇ ಬದಲಾಗುತ್ತಾ ಉಂಟಾಯಿತು ಎನ್ನುವುದು ಮೇಲುನೋಟಕ್ಕೆ ಅಸಂಬದ್ಧವಾಗಿ ಕಾಣುತ್ತದೆ ಅಂತ ತಾನೇ ಬರೆದ. ಆಮೇಲೆ ಎದುರಾಳಿಗಳು ಎತ್ತಿದ ಆಕ್ಷೇಪಗಳಲ್ಲಿ ತಾನು ಮೊದಲೇ ಗಮನಿಸದೆ ಇದ್ದವು ಬಹಳ ಕಡಿಮೆ, ಅದಕ್ಕೆ ಕಾರಣ ಈ ಅಭ್ಯಾಸ ಎನ್ನುತ್ತಾನೆ. ನಾಳೆ ಬೇರೆಯವರು ಮುಖಕ್ಕೆ ಹೇಳುವುದನ್ನು ಇವತ್ತೇ ನಿಮ್ಮ ಅಕ್ಷರದಲ್ಲಿ ಓದಿದ್ದರೆ ಹೊಡೆತ ಅಷ್ಟು ಬೀಳುವುದಿಲ್ಲ.

ಎಲ್ಲ ಎದುರು ಮಾತಿಗೂ ಉತ್ತರ ಇರಲೇಬೇಕೆಂದೇನಿಲ್ಲ. ಮದುವೆಯಾದ ಹೊಸದರಲ್ಲಿ, 1839ರ ಸುಮಾರಿಗೆ, ಹೆಂಡತಿ ಎಮ್ಮಾ ಆತನಿಗೊಂದು ಕಾಗದ ಬರೆದಳು. ಆಕೆ ದೈವಭಕ್ತೆ. ಸಾಬೀತಾಗದೆ ಏನನ್ನೂ ನಂಬದ ವಿಜ್ಞಾನದ ಅಭ್ಯಾಸ, ಹಾಗೆ ಸಾಬೀತು ಮಾಡಲಾಗದ ವಿಷಯಗಳಲ್ಲೂ ನಿಮ್ಮ ಮನಸ್ಸನ್ನು ಆಳದಿರಲಿ ಎಂಬ ಆತಂಕ ಅದರಲ್ಲಿತ್ತು. ಡಾರ್ವಿನ್ ಅದನ್ನು ಒಪ್ಪಲೂ ಇಲ್ಲ, ಹರಿಯಲೂ ಇಲ್ಲ. ಜೋಪಾನವಾಗಿ ಇಟ್ಟುಕೊಂಡು ಕೊನೆಯಲ್ಲಿ ತನ್ನ ಕೈಯಲ್ಲೇ ಬರೆದ: ನಾನು ಸತ್ತ ಮೇಲೆ ತಿಳಿ, ಇದಕ್ಕೆ ಎಷ್ಟೋ ಸಲ ಮುತ್ತಿಟ್ಟು ಅತ್ತಿದ್ದೇನೆ.

ಹೆಜ್ಜೆ 2: 'ಬೇರೆ ಏನಿರೋಕೆ ಸಾಧ್ಯ?' ಅಂದಾಗ ಪೆನ್ನು ಕೆಳಗಿಡಿ

ಸ್ಕಾಟ್ಲೆಂಡಿನ ಗ್ಲೆನ್ ರಾಯ್ ಕಣಿವೆಯ ಎರಡೂ ಬದಿಯ ಗುಡ್ಡಗಳ ಮೇಲೆ ಮಟ್ಟಗೋಲು ಹಿಡಿದು ಎಳೆದಂತೆ ಸಮಾನಾಂತರ ಪಟ್ಟೆಗಳಿವೆ. 1838ರಲ್ಲಿ ಡಾರ್ವಿನ್ ಅಲ್ಲಿಗೆ ಹೋದ. ದಕ್ಷಿಣ ಅಮೆರಿಕದಲ್ಲಿ ನೆಲ ಮೇಲೆದ್ದು ಕಡಲತೀರ ಗುಡ್ಡದ ಮೇಲೆ ಕಾಣುವುದನ್ನು ಆಗಷ್ಟೇ ನೋಡಿಕೊಂಡು ಬಂದಿದ್ದ. ಇವೂ ಹಳೆಯ ಕಡಲತೀರಗಳೇ ಅಂತ 1839ರಲ್ಲಿ ಪ್ರಬಂಧ ಬರೆದ. ನಿಜವಾಗಿ ಅವು ಹಿಮನದಿ ಕಣಿವೆಗೆ ಒಡ್ಡು ಕಟ್ಟಿದ್ದರಿಂದ ನಿಂತ ಸರೋವರದ ದಂಡೆಗಳು. 1861ರಲ್ಲಿ ಸೋಲೊಪ್ಪಿ, ತನ್ನ ಪ್ರಬಂಧ ಮೊದಲಿನಿಂದ ಕೊನೆಯವರೆಗೆ ಒಂದು ಭಾರಿ ಪ್ರಮಾದ ಅಂತ ಗೆಳೆಯ, ಭೂವಿಜ್ಞಾನಿ ಲಯೆಲ್‌ಗೆ ಬರೆದ.

ಆತ್ಮಕಥನದಲ್ಲಿ ಅದರ ಕಾರಣವನ್ನೂ ಹೇಳಿಕೊಂಡಿದ್ದಾನೆ. ಅಂದಿನ ತಿಳಿವಳಿಕೆಯಲ್ಲಿ ಬೇರೆ ವಿವರಣೆ ಸಾಧ್ಯವಿರಲಿಲ್ಲ, ಅದಕ್ಕೇ ಕಡಲು ಅಂದೆ. ಬೇರೆಯದನ್ನು ಹೊರಗಿಟ್ಟು ಉಳಿದದ್ದೇ ಸತ್ಯ ಎನ್ನುವ ಈ ದಾರಿಯನ್ನು ವಿಜ್ಞಾನದಲ್ಲಿ ನಂಬಬಾರದೆಂದು ಕಲಿತೆ.

ಈ ದಾರಿ ವಿಜ್ಞಾನಕ್ಕಿಂತ ನಮ್ಮ ಮನೆಗಳಲ್ಲಿ ಹೆಚ್ಚು ಸವೆದಿದೆ. ನಮ್ಮ ಪರಿಚಯದ ಮನೆಯೊಂದರಲ್ಲಿ ಉಂಗುರ ಕಾಣೆಯಾಯಿತು. ಬೀಗ ಒಡೆದಿಲ್ಲ, ಹೊರಗಿನವರು ಬಂದಿಲ್ಲ, ಮನೆಯವರು ತೆಗೆಯುವುದಿಲ್ಲ. "ಬೇರೆ ಯಾರು ತೆಗೀತಾರೆ?" ಮನೆಕೆಲಸದ ಹೆಂಗಸನ್ನು ಬಿಡಿಸಿದರು. ಎಂಟು ತಿಂಗಳ ಮೇಲೆ ದೀಪಾವಳಿಗೆ ಸೋಫಾ ಕವರ್ ಬಿಚ್ಚಿದಾಗ ಉಂಗುರ ಸಿಕ್ಕಿತು. ಆ ಹೆಂಗಸು ಅಷ್ಟರಲ್ಲಿ ಬಡಾವಣೆಯನ್ನೇ ಬಿಟ್ಟಿದ್ದಳು. ಯಾರೂ ಹುಡುಕಿಕೊಂಡು ಹೋಗಲಿಲ್ಲ.

ನಿಮ್ಮ ಬಾಯಲ್ಲಿ 'ಬೇರೆ ಏನು', 'ಬೇರೆ ಯಾರು', 'ಇನ್ನೇನು ಕಾರಣ' ಬಂದ ಕೂಡಲೇ ನೋಟ್‌ಬುಕ್ ತೆಗೆದು ಇನ್ನೂ ಮೂರು ಕಾರಣ ಬರೆಯಿರಿ. ಮೂರನೆಯದು ಬಾಲಿಶವಾಗಿದ್ದರೂ ಪರವಾಗಿಲ್ಲ. ನಾಲ್ಕನೆಯ ಸಾಲಿನಲ್ಲಿ 'ನನಗೆ ಹೊಳೆಯದೆ ಇರುವ ಕಾರಣ' ಅಂತ ಬರೆದು ಮುಂದೆ ಖಾಲಿ ಬಿಡಿ. ಹಿಮನದಿ ಸರೋವರ ಕಟ್ಟಬಲ್ಲದು ಎನ್ನುವುದು 1838ರ ಡಾರ್ವಿನ್ನನ ಪಾಲಿಗೆ ಆ ಖಾಲಿ ಸಾಲಿನಲ್ಲಿತ್ತು. ನೇರ ಸಾಕ್ಷಿ ಕೈಗೆ ಸಿಗುವವರೆಗೆ ಬೇರೊಬ್ಬರ ಅನ್ನಕ್ಕೆ ಕೈ ಹಾಕುವ ತೀರ್ಮಾನ ಬೇಡ.

ಹೆಜ್ಜೆ 3: ಮನೆಯವರ ಆಕ್ಷೇಪಕ್ಕೆ ನಂಬರ್ ಹಾಕಿ

1831ರ ಆಗಸ್ಟ್. ಡಾರ್ವಿನ್ನನಿಗೆ 22 ವರ್ಷ. ವೈದ್ಯ ವಿದ್ಯೆ ಅರ್ಧಕ್ಕೆ ಬಿಟ್ಟವನು, ಈಗ ಪಾದ್ರಿಯಾಗಲಿ ಎಂಬುದು ಮನೆಯ ಲೆಕ್ಕ. ಅಷ್ಟರಲ್ಲಿ ಬೀಗಲ್ ಹಡಗಿನಲ್ಲಿ ಪ್ರಪಂಚ ಸುತ್ತುವ ಆಹ್ವಾನ ಬಂತು. ಅಪ್ಪ ಬೇಡವೆಂದ. ಒಂದು ಸಂದು ಮಾತ್ರ ಬಿಟ್ಟಿದ್ದ: ಬುದ್ಧಿ ನೆಟ್ಟಗಿರುವ ಒಬ್ಬನಾದರೂ ಹೋಗು ಅಂದರೆ ನಾನು ಒಪ್ಪುತ್ತೇನೆ.

ಹುಡುಗ ಜಗಳಕ್ಕೆ ನಿಲ್ಲಲಿಲ್ಲ. ಸೋದರಮಾವ ಜೋಸಾಯ ವೆಜ್‌ವುಡ್ ಮನೆಗೆ ಹೋದ. ಅಲ್ಲಿ ಅಪ್ಪನ ಆಕ್ಷೇಪಗಳನ್ನು ಒಂದರ ಕೆಳಗೊಂದು ಬರೆದ, ಒಟ್ಟು ಎಂಟು. ಮುಂದೆ ಪಾದ್ರಿಯಾಗುವವನ ಮರ್ಯಾದೆಗೆ ಕುಂದು. ಹುಚ್ಚು ಯೋಜನೆ. ಈ ಜಾಗವನ್ನು ಮೊದಲು ಬೇರೆಯವರಿಗೆ ಕೊಟ್ಟಿರಬೇಕು, ಅವರು ಒಲ್ಲೆ ಅಂದಿದ್ದರೆ ಹಡಗಿನಲ್ಲೇ ಏನೋ ದೋಷವಿದೆ. ಮತ್ತೊಮ್ಮೆ ಕಸುಬು ಬದಲಾಯಿಸಿದಂತಾಗುತ್ತದೆ. ಹೀಗೆ. ಮಾವ ಒಂದೊಂದು ನಂಬರಿಗೂ ಶಾಂತವಾಗಿ ಉತ್ತರ ಬರೆದು ಭಾವನಿಗೆ ಕಳಿಸಿದ. ಅಪ್ಪ ಒಪ್ಪಿದ. ಅದೇ ಡಿಸೆಂಬರ್ 27ಕ್ಕೆ ಹಡಗು ಹೊರಟಿತು, ಮರಳಿದ್ದು 1836ರ ಅಕ್ಟೋಬರ್‌ನಲ್ಲಿ. ಆ ಸೋದರಮಾವನ ಮಗಳೇ ಮುಂದೆ ಎಮ್ಮಾ ಡಾರ್ವಿನ್. ನಮ್ಮ ಕಡೆಯ ಹಿರಿಯರಿಗೆ ಈ ಭಾಗ ಹೇಳಿದರೆ ವಿಕಾಸವಾದಕ್ಕಿಂತ ಬೇಗ ಅರ್ಥವಾಗುತ್ತದೆ.

ನೀವು ಮಾಡಬೇಕಾದದ್ದೂ ಅದೇ. ಕೆಲಸ ಬಿಡುವುದು, ಬೇರೆ ಜಾತಿಯ ಮದುವೆ, ಊರಿಗೆ ವಾಪಸು ಹೋಗಿ ಕೃಷಿ, ಏನೇ ಇರಲಿ, ಬೇಡ ಎನ್ನುವವರ ಕಾರಣಗಳನ್ನು ಅವರ ಮಾತಿನಲ್ಲೇ ಬರೆಯಿರಿ. ಬರೆದದ್ದನ್ನು ಅವರಿಗೇ ತೋರಿಸಿ, 'ಇಷ್ಟೇನಾ, ಇನ್ನೇನಾದ್ರೂ ಬಿಟ್ಟಿದೀನಾ?' ಅಂತ ಕೇಳಿ. ಅರ್ಧ ಬಿಸಿ ಅಲ್ಲೇ ಇಳಿಯುತ್ತದೆ. ಉತ್ತರವನ್ನು ನೀವು ಬರೆಯಬೇಡಿ. ಅವರು ಮರ್ಯಾದೆ ಕೊಡುವ ಒಬ್ಬರಿಗೆ, ಸೋದರಮಾವನೋ ಹಳೆಯ ಮೇಷ್ಟರೋ, ಪಟ್ಟಿ ಕೊಟ್ಟು ಬರೆಸಿ. ಅವರೂ ಬೇಡ ಅಂದರೆ ಆ ಮಾತನ್ನು ಬಲಪುಟಕ್ಕೆ ಸೇರಿಸಿ. ನಾನು ಇದನ್ನು ಒಮ್ಮೆ ಮಾಡಿದೆ, ಮಾವನೂ ಅಪ್ಪನ ಕಡೆಯೇ ವಾಲಿದರು. ಸೈಟ್ ಕೊಳ್ಳುವುದು ನಿಂತುಹೋಯಿತು.

ಪಟ್ಟಿಯ ಮಿತಿಯೂ ಗೊತ್ತಿರಲಿ. 1838ರಲ್ಲಿ ಡಾರ್ವಿನ್ ಮದುವೆಯಾಗಬೇಕೇ ಬೇಡವೇ ಅಂತ ಎರಡು ಕಾಲಮ್ಮಿನ ಪಟ್ಟಿ ಮಾಡಿದ. ಬೇಡ ಎನ್ನುವ ಕಡೆ ಪುಸ್ತಕಕ್ಕೆ ದುಡ್ಡು ಸಾಲದು, ಸಮಯ ಹಾಳು. ಬೇಕು ಎನ್ನುವ ಕಡೆ ಮಕ್ಕಳು, ಜೊತೆಗಾತಿ, 'ಏನೇ ಆದರೂ ನಾಯಿಗಿಂತ ಮೇಲು'. ಕೊನೆಗೆ ಲೆಕ್ಕ ಕೂಡಿಸಿ ನೋಡಲಿಲ್ಲ. ಮದುವೆ, ಮದುವೆ, ಮದುವೆ ಅಂತ ಮೂರು ಸಲ ಬರೆದು, ರೇಖಾಗಣಿತದ ಪ್ರಮೇಯ ಮುಗಿಸಿದಂತೆ 'ಕ್ಯು.ಇ.ಡಿ.' ಹಾಕಿದ. ಮನಸ್ಸು ಮೊದಲೇ ತೀರ್ಮಾನಿಸಿದ್ದರೆ ಪಟ್ಟಿ ಬರೀ ಮೆರವಣಿಗೆ. ಅಂಥ ಕಡೆ ಕಾಗದ ಖರ್ಚು ಮಾಡಬೇಡಿ.

ಹೆಜ್ಜೆ 4: ಮೂರ್ಖನ ಪ್ರಯೋಗ ಮಾಡಿ

ಮೂರ್ಖರು ಮಾಡುವಂಥ ಪ್ರಯೋಗಗಳೆಂದರೆ ನನಗಿಷ್ಟ, ಯಾವಾಗಲೂ ಮಾಡುತ್ತಿರುತ್ತೇನೆ ಅಂತ ಆತ ಹೇಳುತ್ತಿದ್ದುದನ್ನು ಕೇಳಿದವರು ಬರೆದಿಟ್ಟಿದ್ದಾರೆ. ಇದು ಸುಮ್ಮನೆ ಹೇಳಿದ್ದಲ್ಲ. ಎರೆಹುಳುವಿಗೆ ಕಿವಿ ಕೇಳುತ್ತದೆಯೇ ಎಂದು ನೋಡಲು ಸೀಟಿ ಊದಿಸಿದ, ಮಗನಿಂದ ಬಸೂನ್ ಎಂಬ ವಾದ್ಯ ಊದಿಸಿದ, ಕೂಗಿದ. ಹುಳು ಮಿಸುಕಲಿಲ್ಲ. ಕುಂಡವನ್ನು ಪಿಯಾನೋ ಮೇಲಿಟ್ಟು ಅದರ ಕೀ ಒತ್ತಿದಾಗ ಮಾತ್ರ ಸರಕ್ಕನೆ ಬಿಲಕ್ಕೆ ಹೋದವು. ಕಿವಿ ಇಲ್ಲ, ಅದುರು ಗೊತ್ತಾಗುತ್ತದೆ.

ನನಗೆ ಇದಕ್ಕಿಂತ ಪ್ರಿಯವಾದದ್ದು ಬೀಜದ ಕತೆ. ದೂರದ ದ್ವೀಪಗಳಿಗೆ ಗಿಡ ಹೇಗೆ ಹೋಯಿತು? ಉಪ್ಪುನೀರಿನಲ್ಲಿ ಬೀಜ ಸಾಯುತ್ತದೆ ಅಂತ ಎಲ್ಲರೂ ಊಹಿಸುತ್ತಿದ್ದರು, ನೋಡಿದವರಿಲ್ಲ. 1855ರಲ್ಲಿ ಡಾರ್ವಿನ್ ಬಾಟಲಿಗಳಲ್ಲಿ ಉಪ್ಪುನೀರು ತುಂಬಿ ಬೀಜ ಹಾಕಿಟ್ಟ. 87 ಬಗೆಯಲ್ಲಿ 64 ಬಗೆ 28 ದಿನ ನೆನೆದ ಮೇಲೂ ಮೊಳೆತವು, ಕೆಲವು 137 ದಿನ ತಾಳಿದವು. ಗೆಲುವಿನ ಖುಷಿಯಲ್ಲಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು: ಹೆಚ್ಚಿನ ಬೀಜಗಳು ಮುಳುಗುತ್ತವೆ. ತೇಲದೆ ಸಾಗುವುದು ಹೇಗೆ? ಇಷ್ಟೆಲ್ಲ ಉಪ್ಪು ಹಾಕಿದ್ದು ಈ ಕೃತಘ್ನ ಬೀಜಗಳಿಗಾಗಿ ದಂಡವಾಯಿತಲ್ಲ ಅಂತ ಗೆಳೆಯ, ಸಸ್ಯವಿಜ್ಞಾನಿ ಹೂಕರ್‌ಗೆ ಅಳಲು ತೋಡಿಕೊಂಡ. ಆದರೆ ಬಿಡಲಿಲ್ಲ. ಹಣ್ಣಿನ ಸಮೇತ ಗಿಡದ ಕೊಂಬೆ ಒಣಗಿಸಿ ನೀರಿಗೆ ಬಿಟ್ಟ. 94 ಗಿಡಗಳಲ್ಲಿ 18 ನಾಲ್ಕು ವಾರಕ್ಕಿಂತ ಹೆಚ್ಚು ತೇಲಿದವು.

ಮನೆಯಲ್ಲಿ ಹೀಗೆ ಮಾಡಿ. ಮೊದಲನೇ ಹೆಜ್ಜೆಯ ಒಂದು ನಂಬಿಕೆ ಆರಿಸಿ. ಒಂದನ್ನು ಮಾತ್ರ ಬದಲಿಸಿ, ಉಳಿದದ್ದು ಎಂದಿನಂತೆ ಇರಲಿ. ಎಷ್ಟು ದಿನ ಅಂತ ಮೊದಲೇ ಬರೆಯಿರಿ, ಎರಡು ವಾರ ಸಾಕು. ಏನನ್ನು ಎಣಿಸುತ್ತೀರಿ ಅಂತಲೂ ಮೊದಲೇ ಬರೆಯಿರಿ. ಕಾಫಿ ಬಿಟ್ಟು, ವಾಕಿಂಗ್ ಶುರುಮಾಡಿ, ಮೊಬೈಲ್ ಬೇರೆ ಕೋಣೆಯಲ್ಲಿಟ್ಟರೆ ನಿದ್ದೆ ಬಂದೀತು, ಯಾವುದರಿಂದ ಬಂತು ಅಂತ ಗೊತ್ತಾಗುವುದಿಲ್ಲ. ಒಂದು ಎಚ್ಚರಿಕೆ: ವೈದ್ಯರು ಬರೆದುಕೊಟ್ಟ ಮಾತ್ರೆ, ಬಿಪಿ, ಸಕ್ಕರೆ ವಿಷಯದಲ್ಲಿ ಈ ಆಟ ಬೇಡ. ಮೂರ್ಖನ ಪ್ರಯೋಗ ಅಂದರೆ ಸೋತರೂ ಏನೂ ಕಳೆದುಕೊಳ್ಳದ ಪ್ರಯೋಗ.

ಹೆಜ್ಜೆ 5: ಕೈಕೆಸರಾದವರನ್ನು ಕೇಳಿ

ಪಾರಿವಾಳದ ತಳಿಗಳ ಬಗ್ಗೆ ತಿಳಿಯಲು ಡಾರ್ವಿನ್ ಲಂಡನ್ನಿನ ಪಾರಿವಾಳ ಸಾಕುವವರ ಕ್ಲಬ್ ಸೇರಿ, ಹೆಂಡದಂಗಡಿಗಳಲ್ಲಿ ಅವರ ನಡುವೆ ಕೂತ. ಪ್ರಪಂಚದ ಮೂಲೆಮೂಲೆಗೆ ಕಾಗದ ಬರೆದ. ಭಾರತದಿಂದ ಪಾರಿವಾಳದ ಚರ್ಮ ಕಳಿಸಿದ ವಾಲ್ಟರ್ ಎಲಿಯಟ್‌ನನ್ನು ಪುಸ್ತಕದಲ್ಲೇ ಹೆಸರಿಸಿ ನೆನೆದಿದ್ದಾನೆ. ಈ ಎಲಿಯಟ್ ನಮಗೆ ಗೊತ್ತಿರುವವನೇ. 1824ರಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಸತ್ತಾಗ ಚೆನ್ನಮ್ಮನ ಕಡೆಯವರು ಸೆರೆಹಿಡಿದ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ, ಮುಂದೆ ನೂರಾರು ಕನ್ನಡ ಶಾಸನಗಳ ನಕಲು ಮಾಡಿಸಿದವನು.

ಕೇಳುವ ರೀತಿಯನ್ನೂ ಆತನಿಂದಲೇ ಕಲಿಯಬಹುದು. ಮುಖಭಾವಗಳ ಬಗ್ಗೆ 1867ರಲ್ಲಿ ಹಂಚಿದ ಪ್ರಶ್ನಾವಳಿಯಲ್ಲಿ, ಸಾಮಾನ್ಯವಾಗಿ ಹೀಗಿರುತ್ತದೆ ಎಂಬ ಮಾತಿಗೆ ಬೆಲೆ ಕಡಿಮೆ, ನೆನಪು ಮೋಸ ಮಾಡುತ್ತದೆ, ದಯವಿಟ್ಟು ಅದನ್ನು ನಂಬಬೇಡಿ ಅಂತ ಬೇಡಿಕೊಂಡ. ಆದ್ದರಿಂದ 'ಅಡಿಕೆ ಹಾಕಬಹುದಾ?' ಅಂತ ಕೇಳಬೇಡಿ. 'ಹೋದ ವರ್ಷ ನಿಮ್ಮ ಎಕರೆಗೆ ಎಷ್ಟು ಬಂತು, ಕೊಯ್ಲಿಗೆ ಎಷ್ಟು ಹೋಯಿತು?' ಅಂತ ಕೇಳಿ. ಬಂದ ಉತ್ತರವನ್ನು ಅವರ ಎದುರೇ ಬರೆದುಕೊಳ್ಳಿ.

ಹೆಜ್ಜೆ 6: ಸುಣ್ಣ ಹರಡಿ ಸುಮ್ಮನಿರಿ

ಜಿಗುಟುತನ ಇದ್ದರೆ ಕೆಲಸ ಆಗುತ್ತದೆ ಎನ್ನುವ ಅರ್ಥದ ಹಳ್ಳಿ ಇಂಗ್ಲಿಷಿನ ಗಾದೆಯೊಂದು ಆತನಿಗೆ ಪ್ರಿಯವಾಗಿತ್ತು ಅಂತ ಮಗ ಫ್ರಾನ್ಸಿಸ್ ಬರೆದಿದ್ದಾನೆ. ಬಾರ್ನಕಲ್ ಎಂಬ, ಹಡಗಿನ ತಳಕ್ಕೆ ಅಂಟುವ ಚಿಪ್ಪುಜೀವಿಯ ಮೇಲೆ 1846ರಿಂದ ಎಂಟು ವರ್ಷ ಕೂತ. ನಡುವೆ, ನನ್ನಷ್ಟು ಇದನ್ನು ದ್ವೇಷಿಸಿದವರು ಯಾರೂ ಇಲ್ಲ ಅಂತ ಕಾಗದ ಬರೆದ. ಬರೆದೂ ಮುಂದುವರಿಸಿದ. ಬೇಸರ ಬಂದಿತೆಂದರೆ ದಾರಿ ತಪ್ಪಿತೆಂದಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು. ಎರೆಹುಳುಗಳು ಮಣ್ಣನ್ನು ಮೇಲೆ ತಂದು ಹಾಕುತ್ತವೆ, ಆದ್ದರಿಂದ ಮೇಲಿದ್ದದ್ದು ಕ್ರಮೇಣ ಕೆಳಗಿಳಿಯುತ್ತದೆ ಎಂಬುದು ಆತನ ಊಹೆ. 1842ರ ಡಿಸೆಂಬರಿನಲ್ಲಿ ಮನೆಯ ಹತ್ತಿರದ ಹೊಲವೊಂದರಲ್ಲಿ ಸೀಮೆಸುಣ್ಣದ ಚೂರು ಹರಡಿಸಿದ. 1871ರ ನವೆಂಬರಿನಲ್ಲಿ, 29 ವರ್ಷ ಬಿಟ್ಟು, ಅಲ್ಲಿ ಕಂದಕ ತೋಡಿಸಿದ. ಏಳಿಂಚು ಕೆಳಗೆ ಬಿಳಿ ಗೆರೆ. ಎರೆಹುಳುಗಳ ಬಗ್ಗೆ ಆತನ ಪುಸ್ತಕ ಬಂದದ್ದು 1881ರಲ್ಲಿ, ಆತ ತೀರಿಕೊಂಡದ್ದು ಮರುವರ್ಷ ಏಪ್ರಿಲ್‌ನಲ್ಲಿ.

ಇದನ್ನು ಬದುಕಿಗೆ ತರಲು ಇವತ್ತೇ ಒಂದು ಗೆರೆ ಹಾಕಬೇಕು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅಳೆಯಬಹುದಾದ ಮೂರು ಸಂಗತಿ ಬರೆಯಿರಿ: ಮನೆ ಬಾವಿಯ ನೀರಿನ ಮಟ್ಟ, ಮಗ ಒಂದು ನಿಮಿಷದಲ್ಲಿ ಓದುವ ಕನ್ನಡ ಸಾಲು, ಉಳಿತಾಯ ಖಾತೆಯಲ್ಲಿರುವ ಹಣ. ತಾರೀಖು ಹಾಕಿ. ಮುಂದಿನ ವರ್ಷ ಅದೇ ದಿನ ಮತ್ತೆ ಅಳೆಯಿರಿ, ನಡುವೆ ಇಣುಕಬೇಡಿ. ನಾನು ಮೊದಲ ವರ್ಷವೇ ಸೋತೆ, ಎರಡನೇ ತಿಂಗಳಲ್ಲಿ ಇಣುಕಿ, ಏನೂ ಆಗಿಲ್ಲವೆಂದು ಬಿಟ್ಟುಬಿಟ್ಟೆ. ಈಗ ಕೊನೆಯ ಪುಟವನ್ನು ಮಡಚಿ ಸ್ಟೇಪಲ್ ಹೊಡೆದಿಟ್ಟಿದ್ದೇನೆ.

ವಾರಕ್ಕೊಮ್ಮೆ ನೋಟ್‌ಬುಕ್ ಮುಚ್ಚಿಡಿ

ಇದು ಹೆಜ್ಜೆಯಲ್ಲ, ಆತ ಮಾಡಲಾಗದೆ ಹೋದದ್ದು. ಮೂವತ್ತರವರೆಗೆ ಪದ್ಯವೆಂದರೆ ಪ್ರಾಣ ಬಿಡುತ್ತಿದ್ದ ಡಾರ್ವಿನ್‌ಗೆ ಮುಪ್ಪಿನಲ್ಲಿ ಶೇಕ್ಸ್‌ಪಿಯರ್ ಓದಿದರೆ ವಾಕರಿಕೆ ಬರುವಷ್ಟು ಬೇಸರ. ಸಂಗತಿಗಳ ರಾಶಿಯಿಂದ ನಿಯಮ ಅರೆದು ತೆಗೆಯುವ ಯಂತ್ರವಾಯಿತು ನನ್ನ ಮನಸ್ಸು ಅಂತ ದುಃಖಿಸಿದ. ಮತ್ತೊಮ್ಮೆ ಬದುಕುವುದಾದರೆ ವಾರಕ್ಕೊಮ್ಮೆಯಾದರೂ ಸ್ವಲ್ಪ ಪದ್ಯ ಓದುವುದು, ಸ್ವಲ್ಪ ಸಂಗೀತ ಕೇಳುವುದು ಅಂತ ನಿಯಮ ಮಾಡಿಕೊಳ್ಳುತ್ತಿದ್ದೆ ಎಂದ. ಮೇಲಿನ ಆರು ಹೆಜ್ಜೆ ಹಿಡಿದವರಿಗೆ ಈ ಅಪಾಯ ಇದ್ದೇ ಇದೆ, ಎಲ್ಲವನ್ನೂ ಎಣಿಸುವ ಚಟ. ನಮ್ಮ ಮನೆಯಲ್ಲಿ ಭಾನುವಾರ ಸಂಜೆ ನೋಟ್‌ಬುಕ್ ಬೀರುವಿನಲ್ಲಿ. ಯಾರಾದರೊಬ್ಬರು ಒಂದು ಪದ್ಯ ಜೋರಾಗಿ ಓದುತ್ತಾರೆ, ಆಮೇಲೆ ಆಟ.

ಆಟದ ಲೆಕ್ಕಕ್ಕೆ ಮಾತ್ರ ವಿನಾಯಿತಿ, ಅದಕ್ಕೂ ಡಾರ್ವಿನ್ನೇ ಕಾರಣ. ಆತ ಮತ್ತು ಎಮ್ಮಾ ರಾತ್ರಿಯ ಹೊತ್ತು ಬ್ಯಾಕ್‌ಗ್ಯಾಮನ್ ಆಡುತ್ತಿದ್ದರು. 1876ರಲ್ಲಿ ಅಮೆರಿಕದ ಗೆಳೆಯ ಏಸಾ ಗ್ರೇಗೆ ಬರೆದ: ಪಾಪ, ಅವಳು ಗೆದ್ದದ್ದು ಬರೀ 2,490 ಆಟ, ನಾನು, ಹುರ್ರೇ, 2,795! ನಮ್ಮಲ್ಲಿ ಚೌಕಾಬಾರ. ಸೋತ ಆಟವನ್ನು ನಾನು ಮರೆಯುತ್ತೇನೆಂದು ಲೆಕ್ಕ ಬರೆಯುವ ಕೆಲಸವನ್ನು ಮಗಳು ವಹಿಸಿಕೊಂಡಿದ್ದಾಳೆ. ಹೋದ ಭಾನುವಾರಕ್ಕೆ ಅವಳದು 34, ನನ್ನದು 11.